ವೇದಿಕೆಯ ಮೇಲೆ ಮಗು ಏನನ್ನು ನುಡಿಸಬೇಕು?

ಮೂವತ್ತು ವರ್ಷಗಳಿಗೂ ಮೀರಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದವನು ಈಗ ಪಿಯಾನೊ ಕುರಿತು ಬರೆಯಹೊರಟಿರುವುದನ್ನು ಕಂಡು ಹಳೆಯ ಓದುಗ ಮಿತ್ರರು ನಕ್ಕಾರು. ನನಗೆ ಆ ವಾದ್ಯವನ್ನು ನುಡಿಸಲು ಬಾರದು. ಆದರೆ ಕಳೆದ ನಾಲ್ಕು ವರ್ಷಗಳಿಂದ ಪ್ರತಿ ಶನಿವಾರ ಮಧ್ಯಾಹ್ನ ಬೆಂಗಳೂರಿನಲ್ಲಿ ಮೊಮ್ಮಗಳನ್ನು ಪಿಯಾನೊ ಪಾಠಕ್ಕೆ ಕರೆದೊಯ್ಯುವ ಕೆಲಸ ನನ್ನದು. ಪಾಠ ಮುಗಿಯುವವರೆಗೆ ಮೂಲೆಯ ಕುರ್ಚಿಯಲ್ಲಿ ಕುಳಿತು ಕೇಳುತ್ತ, ಅವಳ ಪುಸ್ತಕಗಳನ್ನು ತಿರುವಿ ಹಾಕುತ್ತ, ಶಿಕ್ಷಕಿಯನ್ನು ಆಗಾಗ ಪ್ರಶ್ನೆ ಕೇಳಿ ಪೀಡಿಸುತ್ತ ನಾನೂ ಅಷ್ಟಿಷ್ಟು ಕಲಿತಿದ್ದೇನೆ. ಕಲಿಸುವ ವಿಷಯ ಯಾವುದಾದರೇನು, ಕಲಿಸುವವರ ಕಷ್ಟಸುಖ ಒಂದೇ ಎಂಬ ಧೈರ್ಯದಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಹೋದ ವರ್ಷ ಅವಳಿಗೆ ಒಂಬತ್ತು ತುಂಬಿತ್ತು. ಶಿಕ್ಷಕಿಯ ವಿದ್ಯಾರ್ಥಿಗಳೆಲ್ಲ ಸೇರಿ ನುಡಿಸುವ ವಾರ್ಷಿಕ ಕಾರ್ಯಕ್ರಮ ಹತ್ತಿರವಾಗಿತ್ತು. ಏನು ನುಡಿಸಬೇಕೆಂಬ ಮಾತು ಬಂದಾಗ ಮನೆಯವರೆಲ್ಲರ ಬಾಯಲ್ಲಿ ಬಂದದ್ದು ಒಂದೇ ಹೆಸರು: ಬೀಥೋವನ್ನನ 'ಫ್ಯೂರ್ ಎಲೀಸ್'. ಪಾಶ್ಚಾತ್ಯ ಸಂಗೀತದ ಗಂಧವಿಲ್ಲದವರೂ ಗುರುತು ಹಿಡಿಯಬಲ್ಲ ಸ್ವರಗಳವು. "ಇನ್ನೊಂದು ವರ್ಷ ಕಾಯೋಣವೇ?" ಎಂದು ಶಿಕ್ಷಕಿ ಮೆಲ್ಲಗೆ ಕೇಳಿದರು. ಕಾಯಲು ಒಪ್ಪದವರಲ್ಲಿ ನಾನೇ ಮೊದಲಿಗ. ಬೆಳಗಿನ ವಾಕಿಂಗ್ ಗೆಳೆಯರಿಗೆ "ನಮ್ಮ ಮೊಮ್ಮಗಳು ಬೀಥೋವನ್ ನುಡಿಸುತ್ತಾಳೆ" ಎಂದು ಆಗಲೇ ಹೇಳಿಬಿಟ್ಟಿದ್ದೆ.

ನಾಲ್ಕು ತಿಂಗಳು ಅಭ್ಯಾಸ ನಡೆಯಿತು. ಮನೆಯಲ್ಲಿ ತಪ್ಪಿಲ್ಲದೆ ನುಡಿಸುತ್ತಿದ್ದಳು. ಕಾರ್ಯಕ್ರಮದ ದಿನ ಮೊದಲ ಭಾಗ ಚೆನ್ನಾಗಿಯೇ ಬಂತು. ನಡುವಿನ ಒಂದೆಡೆ ಬೆರಳು ನಿಂತಿತು. ಮತ್ತೆ ಮೊದಲಿನಿಂದ ಆರಂಭಿಸಿದಳು. ಅದೇ ಜಾಗದಲ್ಲಿ ಮತ್ತೆ ನಿಂತಿತು. ಎದ್ದು ನಮಸ್ಕಾರ ಮಾಡಿ, ಚಪ್ಪಾಳೆ ಮುಗಿಯುವ ಮೊದಲೇ ಬಂದು ನನ್ನ ಪಕ್ಕದಲ್ಲಿ ಕುಳಿತಳು. ದಾರಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ತಾತ, ನಿಮಗೆ ಬೇಜಾರಾಯ್ತಾ?" ಮುಂದಿನ ಮೂರು ವಾರ ಅವಳು ಪಿಯಾನೊ ಮುಟ್ಟಲಿಲ್ಲ.

ಆ ಮೂರು ವಾರಗಳಲ್ಲಿ ನಾನು ಯೋಚಿಸಿದ್ದರ ಸಾರ ಇಷ್ಟು. ಮಗು ವೇದಿಕೆಯಲ್ಲಿ ನುಡಿಸುವ ಕೃತಿ, ಆ ಮಗು ಪಾಠದ ಕೋಣೆಯಲ್ಲಿ ನುಡಿಸಬಲ್ಲ ಅತಿ ಕಠಿಣ ಕೃತಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕು. ಅದನ್ನು ಆರಿಸುವಾಗ ಮಗುವಿನ ಮಾತಿಗೆ ಬೆಲೆಯಿರಬೇಕು. ಅಪ್ಪ ಅಮ್ಮಂದಿರ, ಅದರಲ್ಲೂ ತಾತಂದಿರ ಹೆಮ್ಮೆಗೆ ಅಲ್ಲಿ ಜಾಗವಿರಬಾರದು.

'ಫ್ಯೂರ್ ಎಲೀಸ್' ಏಕೆ ಎಡವಿಸಿತೆಂದು ಆಮೇಲೆ ಶಿಕ್ಷಕಿ ಪುಸ್ತಕ ತೆರೆದು ತೋರಿಸಿದರು. 1810ರಲ್ಲಿ ರಚಿತವಾದದ್ದೆಂದು ಹೇಳಲಾಗುವ, ಬೀಥೋವನ್ ತೀರಿಕೊಂಡು ನಲವತ್ತು ವರ್ಷಗಳ ಬಳಿಕ, 1867ರಲ್ಲಿ ಅಚ್ಚಾದ ಪುಟ್ಟ ಕೃತಿ ಇದು. ಎಲ್ಲರಿಗೂ ಗೊತ್ತಿರುವ ಮೊದಲ ಭಾಗ ಸುಲಭ. ಅದನ್ನು ಕೇಳಿಯೇ ಇಡೀ ಕೃತಿ ಸುಲಭವೆಂದು ನಮ್ಮಂಥವರು ಮೋಸಹೋಗುವುದು. ಮುಂದೆ ಒಂದು ಕಡೆ ಸ್ವರಗಳು ಇದ್ದಕ್ಕಿದ್ದಂತೆ ಧಾವಿಸುತ್ತವೆ. ಇನ್ನೊಂದು ಕಡೆ ಎಡಗೈ ಒಂದೇ ಮಂದ್ರ ಸ್ವರವನ್ನು ಬಿಡದೆ ಬಡಿಯುತ್ತಿರಬೇಕು. ಇದಕ್ಕಿಂತ ದೊಡ್ಡ ಅಪಾಯ ಅದರ ರಚನೆಯಲ್ಲಿದೆ. ನಮ್ಮ ಕೃತಿಗಳಲ್ಲಿ ಪಲ್ಲವಿ ಮರಳುವಂತೆ ಮೊದಲ ಭಾಗ ಮತ್ತೆ ಮತ್ತೆ ಬರುತ್ತದೆ, ಆದರೆ ಪ್ರತಿ ಸಲವೂ ಅಲ್ಲಿಂದ ಹೊರಡುವ ದಾರಿ ಬೇರೆ. ಗಾಬರಿಯಾದ ಮಗುವಿಗೆ ತಾನು ಎಷ್ಟನೆಯ ಸಲ ಆ ಕವಲಿನಲ್ಲಿ ನಿಂತಿದ್ದೇನೆಂಬುದೇ ಮರೆತುಹೋಗುತ್ತದೆ. ನಮ್ಮ ಹುಡುಗಿಗೆ ಆದದ್ದು ಅದೇ.

ಒಂದು ಮೆಟ್ಟಿಲು ಕೆಳಗೆ ಎಂದೆನಲ್ಲ, ಅದಕ್ಕೆ ಇನ್ನೊಂದು ಕಾರಣವೂ ಇದೆ. ಪಿಟೀಲು, ವೀಣೆ ಕಲಿಯುವವರು ತಮ್ಮ ವಾದ್ಯವನ್ನೇ ವೇದಿಕೆಗೆ ಒಯ್ಯುತ್ತಾರೆ. ಪಿಯಾನೊ ಕಲಿಯುವ ಮಗು ಗುರುತು ಪರಿಚಯವಿಲ್ಲದ ವಾದ್ಯದ ಮುಂದೆ ಕೂರಬೇಕು. ನಮ್ಮ ನಗರಗಳ ಮನೆಗಳಲ್ಲಿ ಇರುವುದು ಹೆಚ್ಚಾಗಿ ಎಲೆಕ್ಟ್ರಾನಿಕ್ ಕೀಬೋರ್ಡು; ಎಷ್ಟೋ ಮನೆಗಳಲ್ಲಿ 61 ಕೀಗಳದ್ದು. ಸಭಾಂಗಣದಲ್ಲಿರುವುದು 88 ಕೀಗಳ ನಿಜವಾದ ಪಿಯಾನೊ. ಅದರ ಕೀ ಭಾರ, ಪೆಡಲಿನ ಸ್ವಭಾವ ಬೇರೆ, ನಾದ ಹಿಂದಿರುಗಿ ಕಿವಿಗೆ ಬರುವ ರೀತಿಯೂ ಬೇರೆ. ಜೊತೆಗೆ ತಣ್ಣಗಾದ ಬೆರಳು, ಬಡಿದುಕೊಳ್ಳುವ ಎದೆ. ಮನೆಯಲ್ಲಿ ಹದಿನಾರಾಣೆ ಬಂದದ್ದು ಅಲ್ಲಿ ಹನ್ನೆರಡಾಣೆ ಬಂದರೆ ಅದೇ ಪುಣ್ಯ. ಆ ನಾಲ್ಕಾಣೆಯ ನಷ್ಟವನ್ನು ಮೊದಲೇ ಲೆಕ್ಕ ಹಿಡಿದು ಕೃತಿಯನ್ನು ಆರಿಸುವುದು ಜಾಣತನ.

ಪರೀಕ್ಷೆಯ ಮಾತು ಬೇರೆ. ನಮ್ಮಲ್ಲಿ ಪಿಯಾನೊ ಕಲಿಯುವ ಮಕ್ಕಳಲ್ಲಿ ಬಹಳಷ್ಟು ಮಂದಿ ಲಂಡನ್ನಿನ ಎ.ಬಿ.ಆರ್.ಎಸ್.ಎಂ. ಅಥವಾ ಟ್ರಿನಿಟಿ ಕಾಲೇಜಿನ ಪರೀಕ್ಷೆಗಳಿಗೆ ಕೂರುತ್ತಾರೆ. ಎಂಟು ಗ್ರೇಡುಗಳ ಆ ಏಣಿಯಲ್ಲಿ ಮೂರರಿಂದ ಐದರವರೆಗಿನದನ್ನು ಮಧ್ಯಮ ಹಂತವೆನ್ನಬಹುದು. ಪರೀಕ್ಷಕರು ಮಗು ಎಷ್ಟು ಎತ್ತರಕ್ಕೆ ಏರಿದೆಯೆಂದು ಅಳೆಯುತ್ತಾರೆ. ಸಭಿಕರು ಅಳೆಯಲು ಬಂದವರಲ್ಲ, ಕೇಳಲು ಬಂದವರು. ಗ್ರೇಡಿನ ಏಣಿಯನ್ನೇ ವೇದಿಕೆಯ ಮೇಲೂ ನಿಲ್ಲಿಸಹೊರಟರೆ ಸಂಗೀತ ಕೆಳಗೇ ಉಳಿಯುತ್ತದೆ.

ಹಾಗಾದರೆ ಯಾವ ಕೃತಿಗಳನ್ನು ಕೊಡಬೇಕು? ಮಕ್ಕಳಿಗೆಂದೇ ಮಹನೀಯರು ಬರೆದಿಟ್ಟದ್ದಕ್ಕೆ ಕೊರತೆಯಿಲ್ಲ. ಷೂಮನ್ 1848ರಲ್ಲಿ ತನ್ನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ 'ಆಲ್ಬಮ್ ಫಾರ್ ದಿ ಯಂಗ್' ಸಂಕಲನದಲ್ಲಿ 43 ಪುಟ್ಟ ಕೃತಿಗಳಿವೆ. ಮೊದಲ 18 ಚಿಕ್ಕವರಿಗೆ, ಉಳಿದವು ಸ್ವಲ್ಪ ದೊಡ್ಡವರಿಗೆ. ಅದನ್ನು ಆದರ್ಶವಾಗಿಟ್ಟುಕೊಂಡು ಚೈಕೋವ್ಸ್ಕಿ 1878ರಲ್ಲಿ 24 ಕೃತಿಗಳ 'ಚಿಲ್ಡ್ರನ್ಸ್ ಆಲ್ಬಮ್' ಬರೆದು ಸೋದರಳಿಯನಿಗೆ ಅರ್ಪಿಸಿದ. ಕ್ಲೆಮೆಂಟಿಯ ಸೊನಾಟಿನಾಗಳಿವೆ, ಬುರ್ಗ್‌ಮುಲ್ಲರನ 25 ಎಟ್ಯೂಡುಗಳಿವೆ. ಬಾಖ್ ತನ್ನ ಹೆಂಡತಿ ಆನಾ ಮಾಗ್ದಲೇನಾಳಿಗಾಗಿ 1725ರಲ್ಲಿ ಆರಂಭಿಸಿಕೊಟ್ಟ ಪುಸ್ತಕದ ಜಿ ಮೇಜರ್ ಮಿನುಯೆಟ್ಟಿದೆ. ಅದನ್ನು ರಚಿಸಿದವನು ಬಾಖ್ ಅಲ್ಲ, ಪೆಟ್ಸೋಲ್ಡ್ ಎಂದು ಈಗ ತಿಳಿದಿದೆ. ಕರ್ತೃವಿನ ಹೆಸರು ಬದಲಾದುದರಿಂದ ಆ ಮಿನುಯೆಟ್ಟಿನ ಸೊಗಸೇನೂ ಕಡಿಮೆಯಾಗಲಿಲ್ಲ ಎಂಬುದನ್ನು ದೊಡ್ಡ ಹೆಸರಿಗೆ ಮರುಳಾಗುವ ನನ್ನಂಥವರು ನೆನಪಿಡಬೇಕು.

ಇವುಗಳಲ್ಲಿ ಆರಿಸುವಾಗ ಮೂರು ಸಂಗತಿಗಳನ್ನು ನೋಡಬೇಕೆನಿಸುತ್ತದೆ. ಮೊದಲನೆಯದು ಕೈಯ ಅಳತೆ: ಒಂದೇ ಕೈಯಲ್ಲಿ ಷಡ್ಜದಿಂದ ತಾರ ಷಡ್ಜದವರೆಗೆ ಚಾಚಲಾರದ ಪುಟ್ಟ ಕೈಗೆ ಅದನ್ನೇ ಪದೇ ಪದೇ ಬೇಡುವ ಕೃತಿ ಶಿಕ್ಷೆಯಾಗುತ್ತದೆ. ಎರಡನೆಯದು, ಎಡವಿದರೆ ಎದ್ದು ಮುಂದೆ ಸಾಗಲು ಸ್ಪಷ್ಟವಾದ ಭಾಗಗಳಿರಬೇಕು. ಮಗು ಮೊದಲಿನಿಂದ ಮಾತ್ರವಲ್ಲದೆ ಪ್ರತಿ ಭಾಗದ ಆರಂಭದಿಂದಲೂ ನುಡಿಸಬಲ್ಲಂತೆ ಅಭ್ಯಾಸವಾಗಬೇಕು. ಮೂರನೆಯದು, ಉದ್ದವಾದ ಒಂದರ ಬದಲು ಸ್ವಭಾವದಲ್ಲಿ ಭಿನ್ನವಾದ ಚಿಕ್ಕ ಎರಡು ಕೃತಿಗಳಿರಲಿ. ಒಂದು ಚುರುಕು, ಒಂದು ನಿಧಾನ.

ಕಠಿಣವಾದುದನ್ನು ಕೊಡದಿದ್ದರೆ ಮಕ್ಕಳು ಬೆಳೆಯುವುದೆಂತು ಎಂದು ನನ್ನ ಮಗನೇ ಕೇಳಿದ. ಪ್ರಶ್ನೆ ಸರಿಯಾದುದೇ. ಕಠಿಣವಾದುದನ್ನು ಕೊಡಲೇಬೇಕು, ಆದರೆ ಪಾಠದ ಕೋಣೆಯಲ್ಲಿ. ನೂರು ಸಲ ತಪ್ಪಲು ಸ್ವಾತಂತ್ರ್ಯವಿರುವ ಜಾಗ ಅದು. ಸರಳದಿಂದ ಸಂಕೀರ್ಣದ ಕಡೆಗೆ ಎಂಬ ಸೂತ್ರವನ್ನು ಬಿ.ಎಡ್. ತರಗತಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದವರೇ. ನಮ್ಮ ಕರ್ನಾಟಕ ಸಂಗೀತದ ಹಿರಿಯ ವಿದ್ವಾಂಸರು ಇಂದಿಗೂ ಕಛೇರಿಯನ್ನು ಹೆಚ್ಚಾಗಿ ವರ್ಣದಿಂದ ಆರಂಭಿಸುತ್ತಾರೆ. ವಿದ್ಯಾರ್ಥಿ ದೆಸೆಯಲ್ಲಿ ಕಲಿತ ವರ್ಣವನ್ನು ಹಾಡಿದರೆಂದು ಅವರ ವಿದ್ವತ್ತನ್ನು ಯಾರೂ ಶಂಕಿಸುವುದಿಲ್ಲ. ಸುಲಭವೆನಿಸುವಷ್ಟು ಕೈವಶವಾದ ಮೇಲೆಯೇ ಅದರಲ್ಲಿ ಭಾವ ತುಂಬಲು ಸಾಧ್ಯ.

ಇದನ್ನು ಬರೆಯುವಾಗ ಎಂಟನೆಯ ತರಗತಿಯ ಒಬ್ಬ ಹುಡುಗ ನೆನಪಾಗುತ್ತಾನೆ. ಒಳ್ಳೆಯ ಕಂಠ. ಶಾಲಾ ವಾರ್ಷಿಕೋತ್ಸವಕ್ಕೆ ಅವನಿಗೆ ಕುಮಾರವ್ಯಾಸನ ಹತ್ತು ಷಟ್ಪದಿಗಳನ್ನು ಕೊಟ್ಟವನು ನಾನು. ನಾಲ್ಕು ಸಾಕಾಗಿತ್ತು, ಅತಿಥಿಗಳು ನನ್ನ ಪಾಠವನ್ನು ಮೆಚ್ಚಲಿ ಎಂಬ ಆಸೆ ನನಗಿತ್ತು. ಆರನೆಯದರಲ್ಲಿ ಮರೆತ. ಪರದೆಯ ಹಿಂದಿನಿಂದ ನಾನು ಪಿಸುಗುಟ್ಟಿದ್ದು ಅವನಿಗೆ ಕೇಳಿಸಲಿಲ್ಲ. ಹತ್ತನೆಯ ತರಗತಿ ಮುಗಿಸಿ ಹೋಗುವವರೆಗೂ ಅವನು ಮತ್ತೆ ವೇದಿಕೆ ಹತ್ತಲಿಲ್ಲ. ನಾನೂ ಕರೆದು ಒಂದು ಸಮಾಧಾನದ ಮಾತು ಹೇಳಲಿಲ್ಲ. "ತಾತ, ನಿಮಗೆ ಬೇಜಾರಾಯ್ತಾ?" ಎಂದು ಮೊಮ್ಮಗಳು ಕೇಳಿದಾಗ ನನಗೆ ಕಂಡದ್ದು ಅವನ ಮುಖ.

ಈ ವರ್ಷ ಶಿಕ್ಷಕಿ ಐದು ಕೃತಿಗಳನ್ನು ತಾವೇ ನುಡಿಸಿ ತೋರಿಸಿ, ಎರಡನ್ನು ಆರಿಸಿಕೋ ಎಂದರು. ಅವಳು ಆರಿಸಿದ್ದು ಬುರ್ಗ್‌ಮುಲ್ಲರನ 'ಅರಬೆಸ್ಕ್' ಮತ್ತು ಚೈಕೋವ್ಸ್ಕಿಯ 'ಓಲ್ಡ್ ಫ್ರೆಂಚ್ ಸಾಂಗ್'. ಮೊದಲನೆಯದರಲ್ಲಿ ಬಲಗೈ ಓಡಿದ ಓಟವನ್ನೇ ನಡುವೆ ಎಡಗೈ ಓಡುತ್ತದೆ. ಅದು ಅವಳಿಗೆ ಮುಟ್ಟಾಟದಂತೆ ಕಂಡಿತಂತೆ. ಎರಡನೆಯದು ಏಕೆ ಇಷ್ಟವಾಯಿತೆಂದು ಕೇಳಿದೆ. "ಅದು ಮಳೆ ಬರೋ ಸಂಜೆ ಥರ ಇದೆ ತಾತ" ಎಂದಳು. ಫ್ಯೂರ್ ಎಲೀಸನ್ನು ಅವಳು ಬಿಟ್ಟಿಲ್ಲ; ಮನೆಯಲ್ಲಿ ತನ್ನಷ್ಟಕ್ಕೆ ನುಡಿಸಿಕೊಳ್ಳುತ್ತಾಳೆ. ನಡುವೆ ನಿಲ್ಲುತ್ತದೆ, ಮತ್ತೆ ಮುಂದುವರಿಯುತ್ತದೆ.

ಕಾರ್ಯಕ್ರಮ ಕಳೆದ ತಿಂಗಳು ನಡೆಯಿತು. ಅರಬೆಸ್ಕಿನಲ್ಲಿ ಒಂದು ಸ್ವರ ತಪ್ಪಿತು. ಅವಳು ನಿಲ್ಲದೆ ಮುಂದೆ ಹೋದಳು. ವಾಕಿಂಗ್ ಗೆಳೆಯರು ಏನು ನುಡಿಸಿದಳೆಂದು ಕೇಳಿದರು. ಹೆಸರು ಹೇಳಿದೆ, ಅವರಿಗೆ ಗೊತ್ತಾಗಲಿಲ್ಲ. ಮನೆಗೆ ಬನ್ನಿ, ಅವಳೇ ನುಡಿಸಿ ಕೇಳಿಸುತ್ತಾಳೆ ಎಂದೆ.