ಯಾವ ದೇವ್ರಿಗೆ ಹೋಗಿದ್ರಿ?

ನಮ್ಮ ಹೂವಿನಹಡಗಲಿಯಲ್ಲಿ ಹೆಂಗಸೊಬ್ಬಳು ಎರಡು ದಿನ ಓಣಿಯಲ್ಲಿ ಕಾಣಿಸದೆ, ಮೂರನೆಯ ದಿನ ಕೈಯಲ್ಲಿ ಚೀಲ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಎದುರು ಸಿಕ್ಕವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಯಾವ ದೇವ್ರಿಗೆ ಹೋಗಿದ್ರಿ?’ ಗಂಡಸನ್ನು ಯಾರೂ ಹಾಗೆ ಕೇಳುವುದಿಲ್ಲ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೂ ಉಂಟು, ಬಿಟ್ಟರೂ ಉಂಟು. ಆದರೆ ಹೆಂಗಸು ಮನೆ ಬಿಟ್ಟಿದ್ದಾಳೆಂದರೆ ತವರಿಗಾಗಿರಬೇಕು, ಇಲ್ಲವೆ ಮದುವೆಗೋ ಮಣ್ಣಿಗೋ ಆಗಿರಬೇಕು, ಆಸ್ಪತ್ರೆಗಾಗಿರಬೇಕು. ಇದಾವುದೂ ಅಲ್ಲವೆಂದರೆ ದೇವರಿಗೇ ಆಗಿರಬೇಕು. ಸುಮ್ಮನೆ, ಮನಸ್ಸಿಗೆ ಬಂತೆಂದು ಹೋದಳು ಎಂಬುದು ನಮ್ಮೂರಿನ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಆ ಲೆಕ್ಕದಲ್ಲಿ ಇಲ್ಲದ ಕಾರಣದ ಪರವಾಗಿ ನಾಲ್ಕು ಮಾತು ಹೇಳಬೇಕಾಗಿದೆ.

2025ರ ಏಪ್ರಿಲ್‌ನಲ್ಲಿ, ಬೇಸಿಗೆ ರಜೆ ಸಿಕ್ಕ ಮೇಲೆ, ನಾವು ನಾಲ್ವರು ಟೀಚರುಗಳು ಗೋಕರ್ಣಕ್ಕೆ ಹೋದೆವು. ನಾಲ್ವರೂ ಐವತ್ತು ದಾಟಿದವರು. ಇಬ್ಬರಿಗೆ ಮಂಡಿನೋವು, ಒಬ್ಬರಿಗೆ ಸಕ್ಕರೆ ಕಾಯಿಲೆ, ನನಗೆ ಬಿ.ಪಿ. ಒಂದು ವರ್ಷ ತಿಂಗಳಿಗೆ ಐನೂರರಂತೆ ಕೂಡಿಟ್ಟಿದ್ದೆವು. ಹಡಗಲಿಯಿಂದ ಮುಂಡರಗಿ, ಗದಗು, ಹುಬ್ಬಳ್ಳಿ. ಅಲ್ಲಿಂದ ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲಾದ ಮೇಲೆ ಗೋಕರ್ಣ. ಬಸ್ಸಿಗೆ ಒಂದು ಪೈಸೆ ಕೊಡಲಿಲ್ಲ. ಆಧಾರ್ ಕಾರ್ಡು ತೋರಿಸಿದೆವು, ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರು.

ಆ ಸೊನ್ನೆ ಟಿಕೆಟಿನ ಬಗ್ಗೆ ಎಷ್ಟು ಕುಹಕ ಕೇಳಿದ್ದೇವೆ ನೆನಪಿದೆಯೇ? 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಧರ್ಮಸ್ಥಳ, ಕುಕ್ಕೆಯ ಬಸ್ಸುಗಳು ಹೆಂಗಸರಿಂದ ತುಂಬಿದವು. ಮೊಬೈಲುಗಳಲ್ಲಿ ನಗೆಹನಿಗಳೂ ತುಂಬಿದವು. ಮನೆಯಲ್ಲಿ ಒಲೆ ಹೊತ್ತಿಸುವವರಿಲ್ಲ, ಹೆಂಡತಿಯನ್ನು ಹುಡುಕಿಕೊಡಿ ಎಂದು ಎಷ್ಟು ಚಿತ್ರಗಳು! ನಕ್ಕವರಲ್ಲಿ ಹೆಂಗಸರೂ ಇದ್ದರು, ನಾನೂ ಒಂದೆರಡನ್ನು ಮುಂದಕ್ಕೆ ಕಳಿಸಿದ್ದೆ. ಆಮೇಲೆ ಯೋಚಿಸಿದೆ: ಈ ಹೆಂಗಸರೆಲ್ಲ ಇಷ್ಟು ವರ್ಷ ಎಲ್ಲಿದ್ದರು? ಟಿಕೆಟಿನ ದುಡ್ಡಿಗೆ ಗಂಡನ ಮುಂದೆ ಕೈಚಾಚಬೇಕಾಗಿದ್ದುದರಿಂದ ಮನೆಯಲ್ಲಿಯೇ ಇದ್ದರು. ದುಡ್ಡಿನ ಗೋಡೆ ಬಿದ್ದ ಕೂಡಲೆ ಹೊರಟರು. ಆದರೆ ಹೊರಟದ್ದು ದೇವಸ್ಥಾನಕ್ಕೆ, ಏಕೆಂದರೆ ಎರಡನೆಯ ಗೋಡೆ ಹಾಗೆಯೇ ನಿಂತಿತ್ತು.

ನಾನು ಭೂಪಟ ಬರೆಸುವ ಸಮಾಜ ವಿಜ್ಞಾನದ ಟೀಚರು. ಕರ್ನಾಟಕದ ಕರಾವಳಿಯ ಉದ್ದ ಸುಮಾರು 320 ಕಿಲೋಮೀಟರು ಎಂದು ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದೇನೆ. ಶಾಲೆಯ ಪ್ರವಾಸದಲ್ಲಿ ಮೂರು ಸಲ ಸಮುದ್ರದ ದಂಡೆಗೂ ಹೋಗಿದ್ದೆ. ಆದರೆ ಸಮುದ್ರ ನೋಡಿದ್ದೆನೆಂದು ಹೇಳಲಾರೆ. ನೋಡಿದ್ದು ಮಕ್ಕಳ ತಲೆಗಳನ್ನು. ಒಂದು, ಎರಡು, ಮೂರು ಎಂದು ಐವತ್ತರವರೆಗೆ ಎಣಿಸುವುದು, ಮುಗಿದ ಕೂಡಲೆ ಮತ್ತೆ ಒಂದರಿಂದ. ಗೋಕರ್ಣದಲ್ಲಿ ಮೊದಲ ಬಾರಿಗೆ ಎಣಿಸಲು ಯಾರೂ ಇರಲಿಲ್ಲ.

ಬೆಳಿಗ್ಗೆ ಮಹಾಬಲೇಶ್ವರನ ದರ್ಶನ ಮುಗಿಸಿ, ಆಟೊ ಮಾಡಿಕೊಂಡು ಮಿರ್ಜಾನ್ ಕೋಟೆಗೆ ಹೋದೆವು. ಅಘನಾಶಿನಿ ಹೊಳೆಯ ಹತ್ತಿರ, ಕೆಂಪು ಜಂಬಿಟ್ಟಿಗೆ ಕಲ್ಲಿನ ಕೋಟೆ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿ ಈ ಸೀಮೆಯನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದಳು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಕಡಲ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡಿದ್ದ ಆ ಹೆಂಗಸಿನ ಸೀಮೆಯಲ್ಲಿಯೇ ನಮ್ಮ ಲಾಡ್ಜಿನವನು ಹಿಂದಿನ ರಾತ್ರಿ ಎರಡು ಸಲ ಕೇಳಿದ್ದ: ‘ನಿಮ್ಮ ಜೊತೆ ಜಂಟ್ಸ್ ಯಾರೂ ಇಲ್ವಾ ಮೇಡಂ?’

ಮಧ್ಯಾಹ್ನ ಒಂದು ಸಣ್ಣ ಖಾನಾವಳಿಯಲ್ಲಿ ಊಟ. ಕುಚಲಕ್ಕಿ ಅನ್ನ, ತಂಬುಳಿ, ತಿಳಿಗುಲಾಬಿ ಬಣ್ಣದ ಸೋಲ್‌ಕಡಿ. ನಮ್ಮ ಹಿಂದಿ ಟೀಚರು ಬಂಗಡೆ ಮೀನಿನ ಫ್ರೈ ತರಿಸಿಕೊಂಡರು. ಮೂವರೂ ಕಾಯಿಪಲ್ಲೆಯವರಾದ ನಾವು ಮೂಗು ಮುರಿಯದೆ ಪಕ್ಕದಲ್ಲೇ ಕೂತು ಉಂಡೆವು. ಅಷ್ಟು ರುಚಿಯಾಗಿತ್ತೇ ಎಂದು ಕೇಳಿದರೆ ಹೇಳುವುದು ಕಷ್ಟ. ಬಿಸಿ ಅನ್ನವನ್ನು ಇನ್ನೊಬ್ಬರು ಬಡಿಸಿದ್ದರು. ಕೊನೆಯವರ ಊಟವಾಗಲೆಂದು ನಾವು ಕಾಯಬೇಕಾಗಿರಲಿಲ್ಲ. ತಣ್ಣಗಾದ ಮೇಲೆ ಉಣ್ಣುವುದನ್ನೇ ಉಪ್ಪು-ಹುಳಿಯಂತೆ ರೂಢಿ ಮಾಡಿಕೊಂಡ ನನ್ನಂಥ ಅಕ್ಕತಂಗಿಯರಿಗೆ ಇದರ ರುಚಿಯನ್ನು ಬಿಡಿಸಿ ಹೇಳಬೇಕಿಲ್ಲ.

ಇಳಿಹೊತ್ತಿನಲ್ಲಿ ಓಂ ಬೀಚು, ಆಮೇಲೆ ಕುಡ್ಲೆ ಬೀಚು. ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದೆವು. ಗಣಿತದ ಟೀಚರು ನನ್ನ ಕೈ ಬಿಡಲೇ ಇಲ್ಲ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಬಂದಿದ್ದ ನಾಲ್ವರು ಹುಡುಗಿಯರು ಮುರ್ಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡಿದ್ದು ನಮ್ಮಿಬ್ಬರ ತಲೆಯಲ್ಲೂ ಇತ್ತು. ಆ ಸುದ್ದಿ ಬಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಎದ್ದ ಮಾತು, ಇನ್ನು ಮೇಲೆ ಹುಡುಗಿಯರನ್ನು ಸಮುದ್ರಕ್ಕೆ ಕರೆದೊಯ್ಯಬಾರದು ಎಂಬುದು. ಅವರಿಗೆ ಈಜು ಕಲಿಸಬೇಕು ಎಂದು ಯಾರೂ ಅನ್ನಲಿಲ್ಲ, ಆ ಹೊತ್ತಿಗೆ ನಾನೂ ಅನ್ನಲಿಲ್ಲ. ನಮ್ಮ ತಾಲ್ಲೂಕಿನ ಅಂಚಿಗೆ ತುಂಗಭದ್ರೆ ಹರಿಯುತ್ತಾಳೆ. ಗಂಡುಹುಡುಗರು ಬಾವಿಯಲ್ಲಿ, ಹೊಳೆಯಲ್ಲಿ ಬೆಂಡು ಕಟ್ಟಿಕೊಂಡು ಹೇಗೋ ಕಲಿಯುತ್ತಾರೆ. ಹುಡುಗಿಯರಿಗೆ ಹೊಳೆಯೆಂದರೆ ಬಟ್ಟೆ ಒಗೆಯುವ ಜಾಗ. ಗೊತ್ತಿಲ್ಲದ ಕಡಲಿನಲ್ಲಿ ಎಚ್ಚರ ಬೇಕು. ಕಾವಲುಗಾರರು ಬೇಕು, ಅವರ ಮಾತನ್ನು ಕೇಳಲೂ ಬೇಕು. ಆದರೆ ಎಚ್ಚರ ಬೇರೆ, ಕಟ್ಟಿಹಾಕುವುದು ಬೇರೆ.

ಕತ್ತಲಾದ ಮೇಲೆ ಕುಡ್ಲೆಯ ಹೋಟೆಲುಗಳಲ್ಲಿ ಬಣ್ಣದ ದೀಪ ಹತ್ತಿದವು, ಯಾರೋ ಗಿಟಾರು ಬಾರಿಸುತ್ತಿದ್ದರು. ನಾವು ಒಂದು ಮೇಜು ಹಿಡಿದು ಶುಂಠಿ ಚಹಾ ಕುಡಿದೆವು. ಆಮೇಲೆ ಗೋಕರ್ಣದ ಊರ ಬೀಚಿಗೆ ಬಂದು ಚೀಲದಲ್ಲಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಉಂಡು, ಹನ್ನೊಂದು ಗಂಟೆಯವರೆಗೆ ಮರಳಿನ ಮೇಲೆ ಕೂತೆವು. ಸತ್ತ ಗಂಡನ ಬಗ್ಗೆ ಒಬ್ಬರು ಮಾತಾಡಿದರು. ಇನ್ನೊಬ್ಬರು ಇರುವ ಗಂಡನ ಬಗ್ಗೆ ಮಾತಾಡಿದರು. ಹೆಚ್ಚು ಹೊತ್ತು ಯಾರೂ ಮಾತಾಡಲಿಲ್ಲ. ನಮ್ಮ ನೈಟ್ ಲೈಫ್ ಇಷ್ಟೇ.

ಇಷ್ಟಕ್ಕೇ ಊರಲ್ಲಿ ಗುಲ್ಲಾಯಿತು. ಹೊರಡುವಾಗ ಅತ್ತೆಯವರಿಗೆ ‘ಮಹಾಬಲೇಶ್ವರನ ದರ್ಶನಕ್ಕೆ’ ಎಂದಷ್ಟೇ ಹೇಳಿದ್ದೆ. ಅವರು ಕೈಮುಗಿದು ಕಾಣಿಕೆ ಕೊಟ್ಟು ಕಳಿಸಿದ್ದರು. ಹಿಂದಿ ಟೀಚರು ರಾತ್ರಿ ಬೀಚಿನ ಫೋಟೊವನ್ನು ವಾಟ್ಸಾಪಿನಲ್ಲಿ ಹಾಕಿದ್ದೇ ತಡ, ಗಂಡಸು ಸಹೋದ್ಯೋಗಿಯೊಬ್ಬರು ‘ಏನ್ರೀ ಮೇಡಂ, ಗೋವಾದಾಗ ಇದ್ದಂಗ ಕಾಣ್ತೀರಲ್ಲ’ ಎಂದು ಹಲ್ಲು ಬಿಟ್ಟರು. ಹತ್ತಿರದ ಬಂಧುವೊಬ್ಬರು ‘ಇಷ್ಟು ವಯಸ್ಸಾದ ಮೇಲೆ ಇದೆಲ್ಲ ಬೇಕಿತ್ತೇನವ್ವ?’ ಎಂದರು. ಚಿಕ್ಕವಳಾಗಿದ್ದಾಗ ‘ಇಷ್ಟು ವಯಸ್ಸಿಗೇ ಇದೆಲ್ಲ ಬೇಕಾ?’ ಎಂದಿದ್ದವರೂ ಅವರೇ. ಹಾಗಾದರೆ ಸರಿಯಾದ ವಯಸ್ಸು ಯಾವಾಗ ಬಂದು ಯಾವಾಗ ಹೋಯಿತು?

ಗಂಡು ಕೂತು ಕೆಟ್ಟ, ಹೆಣ್ಣು ತಿರುಗಿ ಕೆಟ್ಟಳು ಎಂಬ ಗಾದೆಯನ್ನು ನಮ್ಮ ಮುಖಕ್ಕೆ ಹಿಡಿದವರಿಗೆ ಕೇಳುತ್ತೇನೆ. ಭಾರತ ಹುಣ್ಣಿಮೆಯ ಹೊತ್ತಿಗೆ ನಮ್ಮ ತಾಲ್ಲೂಕಿನ ಮೈಲಾರದಲ್ಲಿ ಜಾತ್ರೆ, ಕಾರಣಿಕ. ಎತ್ತಿನ ಗಾಡಿ, ಟ್ರ್ಯಾಕ್ಟರು ಕಟ್ಟಿಕೊಂಡು ಬಂದ ಹೆಂಗಸರು ಹೊಲದಲ್ಲಿ ಒಲೆ ಹೂಡಿ, ಬಯಲಲ್ಲೇ ಮಲಗುತ್ತಾರೆ. ಆಗ ಕತ್ತಲು ಕೆಟ್ಟದ್ದಲ್ಲವೇ? ಹಡಗಲಿ ಮಲ್ಲಿಗೆ ಎಂದು ನಾವು ಹೆಮ್ಮೆಪಡುತ್ತೇವೆ; ಅದರ ಮೊಗ್ಗು ಬಿಡಿಸಲು ನಸುಕಿನಲ್ಲೇ ತೋಟಕ್ಕೆ ಹೋಗುವ ಹೆಂಗಸರನ್ನು ಯಾರು ತಡೆದಿದ್ದಾರೆ? ಮನೆಯಲ್ಲಿ ಪಾಯಿಖಾನೆ ಇಲ್ಲದ ಕಾಲದಲ್ಲಿ ನಮ್ಮವ್ವಂದಿರು ಚಂಬು ಹಿಡಿದು ಬಯಲಿಗೆ ಹೋಗಲು ಕತ್ತಲಾಗುವುದನ್ನೇ ಕಾಯುತ್ತಿದ್ದರಲ್ಲ, ಆಗ ಈ ಕಾಳಜಿ ಎಲ್ಲಿತ್ತು? ದುಡಿಮೆಗೆ, ದೇವರಿಗೆ, ದೇಹಬಾಧೆಗೆ ಹೆಣ್ಣು ಕತ್ತಲಲ್ಲಿ ಹೋಗಬಹುದು. ಸಂತೋಷಕ್ಕೆ ಮಾತ್ರ ಹೋಗಬಾರದು. ಇದು ಕತ್ತಲಿನ ಭಯವಲ್ಲ, ನಮ್ಮ ಸಂತೋಷದ ಭಯ.

ಭಯಕ್ಕೆ ಕಾರಣವೇ ಇಲ್ಲವೆಂದು ನಾನು ಹೇಳುವುದಿಲ್ಲ. ನಾವು ಹೋಗುವ ಮುಂಚಿನ ತಿಂಗಳು, ಮಾರ್ಚ್ 6ರ ರಾತ್ರಿ, ಗಂಗಾವತಿ ತಾಲ್ಲೂಕಿನ ಸಾಣಾಪುರದ ಬಳಿ ತುಂಗಭದ್ರಾ ಕಾಲುವೆಯ ಪಕ್ಕ ನಕ್ಷತ್ರ ನೋಡುತ್ತ ಕೂತಿದ್ದ ಪ್ರವಾಸಿಗರ ಮೇಲೆ ಘೋರ ದಾಳಿ ನಡೆಯಿತು. ಇಬ್ಬರು ಹೆಂಗಸರ ಮೇಲೆ ಅತ್ಯಾಚಾರವಾಯಿತು. ಕಾಲುವೆಗೆ ತಳ್ಳಲ್ಪಟ್ಟವರಲ್ಲಿ ಒಬ್ಬ ಗಂಡಸು ಸತ್ತ. ನಮ್ಮ ಸುತ್ತಲಿನ ಎಷ್ಟೋ ಜನ ಕೇಳಿದ್ದು, ‘ಅಷ್ಟೊತ್ತಿನಾಗ ಅಲ್ಲಿ ಅವರಿಗೇನು ಕೆಲಸ?’ ಎಂದು. ದಾಳಿ ಮಾಡಿದವರಿಗೆ ಅಲ್ಲಿ ಏನು ಕೆಲಸವಿತ್ತೆಂದು ಕೇಳಿದವರು ಕಡಿಮೆ. ಗಂಡಸರು ಜೊತೆಗಿದ್ದರೆ ಸಾಕು ಎನ್ನುವವರೂ ಗಮನಿಸಬೇಕು, ಅವರ ಜೊತೆ ಗಂಡಸರಿದ್ದರು. ಬೇಕಾದದ್ದು ಬೆಳಕು, ಪೊಲೀಸರ ಓಡಾಟ, ಜನಸಂಚಾರ. ಗೋಕರ್ಣದ ಬೀಚಿನಲ್ಲಿ ನಮಗೆ ಧೈರ್ಯ ಕೊಟ್ಟದ್ದು ಸುತ್ತ ಓಡಾಡುತ್ತಿದ್ದ ಸಂಸಾರವಂದಿಗರು, ಹೆಂಗಸರು, ಮಕ್ಕಳು. ಹೆಂಗಸರೆಲ್ಲ ಮನೆಯೊಳಗೆ ಸೇರಿದರೆ ಹೊರಗೆ ಉಳಿಯುವವರು ಯಾರು, ನೀವೇ ಹೇಳಿ.

ಕಡೆಗೆ ಬೈಯಬೇಕಾದದ್ದು ನಮ್ಮನ್ನೇ. ಐವತ್ತು ದಾಟಿ, ಸಂಬಳ ತರುವ ನಾನು, ಮಕ್ಕಳಿಗೆ ಸತ್ಯವನ್ನೇ ಹೇಳಿರೆಂದು ಪಾಠ ಮಾಡುವ ನಾನು, ಸಮುದ್ರ ನೋಡಲು ದೇವರನ್ನು ಅಡ್ಡ ಹಿಡಿದೆ. ದೇವರ ಮೇಲೆ ಭಕ್ತಿ ಇದ್ದರೆ ದೇವರಿಗೆ ಹೋಗೋಣ. ಅವನನ್ನು ರಜಾ ಚೀಟಿ ಮಾಡಿಕೊಳ್ಳುವುದು ಅವನಿಗೂ ಮರ್ಯಾದೆಯಲ್ಲ, ನಮಗೂ ಅಲ್ಲ. ನಾವು ಹೇಳುವ ಈ ಸಣ್ಣ ಸುಳ್ಳುಗಳೇ ನಮ್ಮ ಸೊಸೆಯಂದಿರಿಗೆ, ಹೆಣ್ಣುಮಕ್ಕಳಿಗೆ ಕಾಯಿದೆಯಾಗುತ್ತವೆ.

ಬಂದ ಮಾರನೆಯ ದಿನ ಅತ್ತೆಯವರಿಗೆ ಎಲ್ಲವನ್ನೂ ಹೇಳಿದೆ. ಪ್ರಸಾದ ಕೊಟ್ಟೆ, ಬೀಚಿನ ಫೋಟೊ ತೋರಿಸಿದೆ. ಬಹಳ ಹೊತ್ತು ನೋಡಿ, ‘ನೀರು ಖರೇವಂದ್ರೂ ಅಷ್ಟು ಉಪ್ಪಿರ್ತೈತೇನವ್ವ?’ ಎಂದು ಕೇಳಿದರು. ಎಂಬತ್ತೊಂದು ವರ್ಷದ ಅವರು ಒಮ್ಮೆಯೂ ಸಮುದ್ರ ನೋಡಿಲ್ಲ. ಕರೆದುಕೊಂಡು ಹೋಗುವುದೆಂದು ಗೊತ್ತು ಮಾಡಿದ್ದೇನೆ. ಯಾವ ದೇವರಿಗೆ ಎಂದು ಓಣಿಯಲ್ಲಿ ಯಾರಾದರೂ ಕೇಳಿದರೆ, ದೇವರಿಗಲ್ಲ, ಸಮುದ್ರಕ್ಕೆ ಎಂದು ಇಬ್ಬರೂ ಹೇಳುತ್ತೇವೆ.