ಅಂಕವಿದೆ, ರ‍್ಯಾಂಕ್ ಇದೆ. ಪ್ರಮಾಣ ಪತ್ರ ಎಲ್ಲಿ?

ಕೊಪ್ಪಳ: ಪಿಯುಸಿ ಅಂಕ ಹಾಗೂ ಸಿಇಟಿ, ನೀಟ್ ರ‍್ಯಾಂಕ್‌ಗಳ ಬಗ್ಗೆ ಪ್ರತಿ ಬೇಸಿಗೆಯಲ್ಲೂ ಜಿಲ್ಲೆಯ ಮನೆಮನೆಯಲ್ಲಿ ಚರ್ಚೆ ನಡೆಯುತ್ತದೆ. ಆದರೆ ಅರ್ಜಿಯೊಂದಿಗೆ ಸಲ್ಲಿಸಬೇಕಾದ ದಾಖಲೆಗಳ ಬಗ್ಗೆ ಚಿಂತೆ ಆರಂಭವಾಗುವುದು ಕೊನೆಯ ದಿನಾಂಕ ಹತ್ತಿರ ಬಂದಾಗ ಮಾತ್ರ. ವೃತ್ತಿಶಿಕ್ಷಣದ ಸೀಟು ಹಂಚಿಕೆಯಲ್ಲಿ ಮೀಸಲಾತಿಯೇ ನಿರ್ಣಾಯಕವಾಗಿರುವ ಈ ಭಾಗದಲ್ಲಿ ಒಂದು ಪ್ರಮಾಣ ಪತ್ರದ ಕೊರತೆ ಸಾವಿರಾರು ರ‍್ಯಾಂಕ್‌ಗಳ ಹಿನ್ನಡೆಗೆ ಸಮ.

371(ಜೆ) ವಿಧಿಯ ಮಹತ್ವ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ನೀಡಿದ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತ್ತು. ಕುಷ್ಟಗಿ ಮತ್ತು ಯಲಬುರ್ಗಾ ಆ ಪಟ್ಟಿಯಲ್ಲಿದ್ದವು. ದಿವಂಗತ ವೈಜನಾಥ ಪಾಟೀಲ ಮೊದಲಾದವರ ದೀರ್ಘಕಾಲದ ಹೋರಾಟದ ಫಲವಾಗಿ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371(ಜೆ) ವಿಧಿ ಸೇರ್ಪಡೆಯಾಯಿತು. 2013ರ ಆದೇಶದಂತೆ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು, ಪ್ರದೇಶದ ಹೊರಗಿನ ರಾಜ್ಯ ಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳು ಮೀಸಲಾಗಿವೆ. 2015ರಲ್ಲಿ ಆರಂಭವಾದ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಜಿಲ್ಲೆಯ ಮಕ್ಕಳು ಪ್ರವೇಶ ಪಡೆಯಲು ಈ ಮೀಸಲಾತಿಯೇ ಮುಖ್ಯ ಆಸರೆ.

ಆದರೆ ಈ ಹಕ್ಕು ತಾನಾಗಿಯೇ ದೊರೆಯುವುದಿಲ್ಲ. ಕಂದಾಯ ಉಪವಿಭಾಗದ ಸಹಾಯಕ ಆಯುಕ್ತರು ನೀಡುವ ಅರ್ಹತಾ ಪ್ರಮಾಣ ಪತ್ರವನ್ನು ಅಭ್ಯರ್ಥಿಯೇ ಪಡೆದು ಹಾಜರುಪಡಿಸಬೇಕು. ಜನನ ಅಥವಾ ವಾಸಕ್ಕೆ ಸಂಬಂಧಿಸಿದ ದಾಖಲೆಗಳು ಗ್ರಾಮ ಮಟ್ಟದಿಂದ ಪರಿಶೀಲನೆಯಾಗಿ ತಹಶೀಲ್ದಾರ್ ಕಚೇರಿಯ ಮೂಲಕ ಮೇಲೆ ಹೋಗಬೇಕು. ಜಾತಿ ಮತ್ತು ಆದಾಯ ಪ್ರಮಾಣ ಪತ್ರ ನಾಡಕಚೇರಿಯಲ್ಲೇ ದೊರೆಯುತ್ತದೆ, ಇದು ಹಾಗಲ್ಲ. ಹನುಮಸಾಗರದ ವಿದ್ಯಾರ್ಥಿಯ ಕಡತವೂ, ಕಾರಟಗಿಯ ವಿದ್ಯಾರ್ಥಿಯ ಕಡತವೂ ಅಂತಿಮವಾಗಿ ಕೊಪ್ಪಳಕ್ಕೇ ಬರಬೇಕು. ಫಲಿತಾಂಶದ ನಂತರ ಎಲ್ಲರೂ ಒಮ್ಮೆಲೇ ಅರ್ಜಿ ಹಾಕಿದರೆ ವಿಳಂಬ ಅನಿವಾರ್ಯ.

ಗುಳೆ ಹೋದವರಿಗೆ ಇನ್ನೊಂದು ಪೆಟ್ಟು

ರಾಜ್ಯದ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15 ಹಾಗೂ ಕನ್ನಡ ಮಾಧ್ಯಮದವರಿಗೆ ಶೇ 5ರ ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗಿನ ವ್ಯಾಸಂಗವೇ ಆಧಾರ. ಮುಖ್ಯೋಪಾಧ್ಯಾಯರು ನೀಡುವ ವ್ಯಾಸಂಗ ಪ್ರಮಾಣ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು.

ಕುಷ್ಟಗಿ, ಯಲಬುರ್ಗಾ ಭಾಗದ ಎಷ್ಟೋ ಕುಟುಂಬಗಳು ಮಳೆ ಕೈಕೊಟ್ಟಾಗ ಬೆಂಗಳೂರು, ಮಂಗಳೂರು, ಗೋವಾಗಳಿಗೆ ಗುಳೆ ಹೋಗುತ್ತವೆ. ಮಗು ಅಲ್ಲಿನ ನಗರದ ಶಾಲೆಯಲ್ಲಿ ಒಂದೆರಡು ವರ್ಷ ಓದಿದ್ದರೆ ಗ್ರಾಮೀಣ ಮೀಸಲಾತಿ ಕೈತಪ್ಪುತ್ತದೆ. ಗೋವಾದಲ್ಲಿ ಬೇರೆ ಮಾಧ್ಯಮದಲ್ಲಿ ಕಲಿತಿದ್ದರೆ ಕನ್ನಡ ಮಾಧ್ಯಮದ ಮೀಸಲಾತಿಯೂ ಇಲ್ಲ. ಬಡತನದಿಂದಾಗಿ ಊರು ಬಿಟ್ಟವರೇ, ಬಡ ಗ್ರಾಮೀಣರಿಗೆಂದು ರೂಪಿಸಿದ ಸೌಲಭ್ಯದಿಂದ ಹೊರಗುಳಿಯುವ ವಿಪರ್ಯಾಸವಿದು. ಕುಕನೂರು, ಕನಕಗಿರಿ, ತಾವರಗೇರಾದಂತಹ ಊರುಗಳು ಪಟ್ಟಣ ಪಂಚಾಯಿತಿಗಳಾಗಿರುವುದರಿಂದ, ವಿದ್ಯಾರ್ಥಿ ಓದಿದ ವರ್ಷಗಳಲ್ಲಿ ಊರಿನ ಸ್ಥಾನಮಾನ ಏನಿತ್ತು ಎಂಬ ಪ್ರಶ್ನೆಯೂ ಏಳುತ್ತದೆ. ಇಂತಹ ಗೊಂದಲವನ್ನು ಕೊನೆಯ ವಾರದಲ್ಲಿ ಬಗೆಹರಿಸಿಕೊಳ್ಳುವುದು ಕಷ್ಟ.

ಕೇಂದ್ರದ ಬಾಗಿಲಿಗೆ ಬೇರೆ ಕೀಲಿ

ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾಯಿತು. ನಮ್ಮ ಭಾಗದಲ್ಲೇ ಇದ್ದರೂ ಅದರ ಪ್ರವೇಶ ರಾಷ್ಟ್ರಮಟ್ಟದ್ದು. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಸಿಯುಇಟಿ ಜಾರಿಯಲ್ಲಿದ್ದು, 371(ಜೆ) ಮೀಸಲಾತಿ ಇಲ್ಲಿ ಅನ್ವಯಿಸುವುದಿಲ್ಲ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ ಎಂಬುದು ಗಮನಾರ್ಹ. ಆದರೆ ಸೇರಬಯಸುವ ಕೋರ್ಸ್ ಕೇಳುವ ವಿಷಯಗಳನ್ನು ಅರ್ಜಿಯಲ್ಲೇ ಆಯ್ದುಕೊಳ್ಳದಿದ್ದರೆ ಒಳ್ಳೆಯ ಅಂಕ ಬಂದರೂ ಪ್ರಯೋಜನವಿಲ್ಲ. ಪರೀಕ್ಷೆಯ ನಂತರ ವಿಶ್ವವಿದ್ಯಾಲಯದಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು ಎಂಬುದು ತಿಳಿಯದೆ ಸುಮ್ಮನೆ ಕುಳಿತವರಿಗೂ ಸೀಟು ತಪ್ಪುತ್ತದೆ.

ಜಾತಿ ಪ್ರಮಾಣ ಪತ್ರದಲ್ಲೂ ವ್ಯತ್ಯಾಸವಿದೆ. ರಾಜ್ಯದ ಪ್ರವರ್ಗ-1, 2ಎ, 2ಬಿ, 3ಎ, 3ಬಿ ವರ್ಗೀಕರಣ ಕೇಂದ್ರದಲ್ಲಿ ಇಲ್ಲ. ಅಲ್ಲಿ ಕೇಂದ್ರದ ಇತರೆ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಜಾತಿಯ ಹೆಸರಿರಬೇಕು, ಕೆನೆಪದರಕ್ಕೆ ಸೇರಿಲ್ಲ ಎಂಬ ಪ್ರಮಾಣ ಪತ್ರ ಕೇಂದ್ರದ ನಮೂನೆಯಲ್ಲೇ ಇರಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ರಾಜ್ಯದ ಪತ್ರವನ್ನೇ ಲಗತ್ತಿಸಿ ನಿಶ್ಚಿಂತರಾಗುವವರಿಗೆ ದಾಖಲೆ ಪರಿಶೀಲನೆಯ ದಿನ ಆಘಾತ ಕಾದಿರುತ್ತದೆ.

ಏನಾಗಬೇಕು?

ಧಾರವಾಡ, ಬೆಂಗಳೂರಿನ ದೊಡ್ಡ ಕಾಲೇಜುಗಳಲ್ಲಿ ಈ ಕೆಲಸಕ್ಕೆಂದೇ ಸಿಬ್ಬಂದಿ ಇರುತ್ತಾರೆ. ಇಲ್ಲಿನ ಸರ್ಕಾರಿ ಪದವಿ ಪೂರ್ವ ಕಾಲೇಜಿನ ವಿದ್ಯಾರ್ಥಿಗೆ ಸೈಬರ್ ಕೇಂದ್ರದವರೇ ಮಾರ್ಗದರ್ಶಕರು. ಅಲ್ಲಿ ಕೀಲಿಮಣೆ ಒತ್ತುವ ಹುಡುಗ ಮೀಸಲಾತಿಯ ಕಾಲಂ ಖಾಲಿ ಬಿಟ್ಟರೆ ಅದರ ಬೆಲೆ ತೆರುವವನು ವಿದ್ಯಾರ್ಥಿ.

ಪರಿಹಾರಕ್ಕೆ ಹೊಸ ಕಾನೂನು ಬೇಕಿಲ್ಲ, ಕೋಟಿಗಟ್ಟಲೆ ಅನುದಾನವೂ ಬೇಕಿಲ್ಲ. ಪ್ರಥಮ ಪಿಯುಸಿಯಲ್ಲೇ ಪ್ರತಿ ವಿದ್ಯಾರ್ಥಿಯ ದಾಖಲೆಗಳ ಪಟ್ಟಿಯನ್ನು ಕಾಲೇಜು ಸಿದ್ಧಪಡಿಸಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಾಗೂ ಆಧಾರ್‌ನಲ್ಲಿನ ಹೆಸರುಗಳನ್ನು ತಾಳೆ ನೋಡಿ ವ್ಯತ್ಯಾಸವಿದ್ದರೆ ಆಗಲೇ ಸರಿಪಡಿಸಬೇಕು. ಡಿಸೆಂಬರ್‌ಗೆ ಮುನ್ನ ಕಂದಾಯ ಇಲಾಖೆಯು ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ 371(ಜೆ) ಅರ್ಜಿಗಳಿಗಾಗಿ ಶಿಬಿರ ನಡೆಸಿದರೆ ಮೇ-ಜೂನ್ ತಿಂಗಳ ನೂಕುನುಗ್ಗಲು ತಾನಾಗಿಯೇ ತಗ್ಗುತ್ತದೆ. ಗುಳೆ ಕುಟುಂಬಗಳ ಮಕ್ಕಳ ವ್ಯಾಸಂಗದ ಅವಧಿಯನ್ನು ಹೇಗೆ ಪರಿಗಣಿಸಬೇಕೆಂಬುದನ್ನು ಸರ್ಕಾರ ಪ್ರತ್ಯೇಕವಾಗಿ ಯೋಚಿಸಬೇಕಿದೆ.

2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ 75ರಷ್ಟಿದ್ದಾಗ ಜಿಲ್ಲೆಯದು ಶೇ 68. ಓದು ಬಾರದ ತಂದೆ-ತಾಯಿಯ ಮಕ್ಕಳು ಪರೀಕ್ಷೆಯಲ್ಲಿ ಗೆದ್ದು ಕಾಗದದಲ್ಲಿ ಸೋಲಬಾರದು. ದಶಕಗಳ ಹೋರಾಟದಿಂದ ದೊರೆತ ಮೀಸಲಾತಿ ಕಚೇರಿಯ ಮೇಜಿನ ಮೇಲೆಯೇ ಉಳಿದರೆ, ಅದರ ನಷ್ಟ ಜಿಲ್ಲೆಯ ಒಂದು ಪೀಳಿಗೆಯದು.