ಬಸ್ಸಿನ ದಾರಿ, ಮಹಡಿಯ ಲೆಕ್ಕ

ಬೆಂಗಳೂರಿನ ಬಾಡಿಗೆ ಮನೆಗಳ ಜಾಹೀರಾತಿನಲ್ಲಿ ಈಗ ಕಾವೇರಿ ನೀರಿನ ಪಕ್ಕದಲ್ಲೇ ‘ಮೆಟ್ರೊಗೆ ಹತ್ತಿರ’ ಎಂಬ ಮಾತೂ ಕೂತಿರುತ್ತದೆ. ಹತ್ತಿರವಾದಷ್ಟೂ ಬಾಡಿಗೆ ಜಾಸ್ತಿ. ಸಾರಿಗೆಯ ಸುತ್ತಲೇ ಬಡಾವಣೆ ಬೆಳೆಯಬೇಕು ಎನ್ನುವ ನಗರ ಯೋಜಕರು ನಿಲ್ದಾಣದ ಬಗಲಲ್ಲಿ ಯಾರಿರಬೇಕು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈ ಮಾತು ಬಂದಾಗಲೆಲ್ಲ ಬ್ರೆಜಿಲ್‌ನ ಕುರಿಟಿಬಾ ನಗರದ ಹೆಸರು ಬರುತ್ತದೆ. 1971ರಲ್ಲಿ ಅಲ್ಲಿ ಮೇಯರ್ ಆದ ವಾಸ್ತುಶಿಲ್ಪಿ ಜೈಮಿ ಲರ್ನರ್, ಮರುವರ್ಷವೇ ಊರ ನಡುವಿನ ಅಂಗಡಿ ಬೀದಿಯನ್ನು ಕಾರುಗಳಿಗೆ ಮುಚ್ಚಿದರು. ವ್ಯಾಪಾರಿಗಳು ಕೋರ್ಟಿನ ಮೆಟ್ಟಿಲು ಹತ್ತುವ ಮುಂಚೆ ಮುಗಿಯಲೆಂದು ಒಂದು ವಾರಾಂತ್ಯದಲ್ಲೇ ಕೆಲಸ ಮಾಡಿಸಿದರು. ಮೋರಿಯ ಮೇಲಿನ ಒಂದು ಚಪ್ಪಡಿಗೆ ತಿಂಗಳುಗಟ್ಟಲೆ ಕಾಯುವವರಿಗೆ ಇದು ಪುರಾಣದಂತೆ ಕೇಳಿಸೀತು!

1974ರಲ್ಲಿ ಬಸ್ಸಿಗೆಂದೇ ಮೀಸಲಾದ ಪಥ ಬಂತು. ಬಸ್ಸಿಗಿಂತ ಜಾಣತನದ್ದು ಅದರ ಜೊತೆಗೆ ಬಂದ ಕಟ್ಟಡದ ನಿಯಮ. ಎತ್ತರದ ಕಟ್ಟಡಗಳಿಗೆ ಬಸ್ ದಾರಿಯ ಇಕ್ಕೆಲಗಳಲ್ಲೇ ಜಾಗ. ಕೆಳಗೆ ಅಂಗಡಿ, ಮೇಲೆ ಮನೆ. ದೂರ ಸರಿದಂತೆ ಮಹಡಿಗಳು ಕಡಿಮೆಯಾಗುತ್ತ ಹೋಗುತ್ತವೆ. ವಿಮಾನದಿಂದ ಇಣುಕಿದವರಿಗೂ ಬಸ್ ಯಾವ ಕಡೆ ಹೋಗುತ್ತದೆಂದು ತಿಳಿಯುತ್ತದೆ. 1991ರಲ್ಲಿ ಗಾಜಿನ ಕೊಳವೆಯಂಥ ನಿಲ್ದಾಣಗಳು ಬಂದವು: ಹಣ ಮೊದಲೇ ಕೊಟ್ಟು ಒಳಗೆ ಕಾದರೆ, ಮೆಟ್ಟಿಲು ಹತ್ತುವ ಗೋಜಿಲ್ಲದೆ ನೇರ ಬಸ್ಸಿನೊಳಕ್ಕೆ. 2000ದಲ್ಲಿ ಕೊಲಂಬಿಯಾದ ಬೊಗೋಟಾ ಇದೇ ಹಾದಿ ಹಿಡಿಯಿತು. 2018ರಲ್ಲಿ ಹುಬ್ಬಳ್ಳಿ–ಧಾರವಾಡದ ನಡುವೆ ಓಡತೊಡಗಿದ ಚಿಗರಿ ಬಸ್ಸೂ ಇದೇ ವಂಶದ್ದು.

ಹೊಗಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ.

ಕುರಿಟಿಬಾದ ಬಸ್ ದಾರಿಯ ಅಪಾರ್ಟ್‌ಮೆಂಟುಗಳು ಸೇರಿದ್ದು ಹೆಚ್ಚಾಗಿ ಕೈಯಲ್ಲಿ ಕಾಸಿದ್ದವರನ್ನು. ಬಡವರಲ್ಲಿ ಬಹಳ ಮಂದಿ ಅಂಚಿನ ಬಡಾವಣೆಗಳಿಗೆ, ಸುತ್ತಲಿನ ಪುರಸಭೆಗಳಿಗೆ ಸರಿದರು. ನಿಲ್ದಾಣದ ಪಕ್ಕದಲ್ಲಿದ್ದವರು ಕಾರು ಕೊಂಡರು. ಮಾದರಿ ಬಸ್ಸಿನ ಈ ಊರು ಇವತ್ತು ಬ್ರೆಜಿಲ್‌ನಲ್ಲಿ ಅತಿ ಹೆಚ್ಚು ಕಾರುಗಳಿರುವ ನಗರಗಳ ಸಾಲಿನಲ್ಲಿದೆ.

ಮೆಟ್ರೊ ಬದಿಯಲ್ಲಿ ಹೆಚ್ಚುವರಿ ಎಫ್‌ಎಆರ್, ಅಂದರೆ ಅಷ್ಟೇ ನಿವೇಶನದಲ್ಲಿ ಹೆಚ್ಚು ಮಹಡಿ ಕಟ್ಟುವ ಅವಕಾಶ, ಕೊಡುವ ಯೋಚನೆ ಬೆಂಗಳೂರಿಗೆ ಹೊಸದಲ್ಲ. ಆ ಮಹಡಿಗಳ ಕೆಳಗೆ ಎರಡಂತಸ್ತಿನ ಪಾರ್ಕಿಂಗ್ ಎದ್ದರೆ, ಮೇಲೆ ಅಡುಗೆ ಮಾಡಲು ಬರುವ ಹೆಂಗಸು ಮಾತ್ರ ಎರಡು ಬಸ್ ಬದಲಿಸಿ ಬರಬೇಕಾದೀತು. ಹೆಚ್ಚುವರಿ ಮಹಡಿ ಬೇಕೆನ್ನುವ ಬಿಲ್ಡರ್‌ಗೆ ಎರಡು ಷರತ್ತು ಹಾಕಬಹುದು: ಒಂದಷ್ಟು ಸಣ್ಣ ಮನೆಗಳು ಕಡಿಮೆ ಬಾಡಿಗೆಗೆ ಮೀಸಲಾಗಲಿ, ಪಾರ್ಕಿಂಗ್‌ಗೆ ಮಿತಿ ಇರಲಿ. ನಿಲ್ದಾಣದವರೆಗೆ ಟ್ರಾನ್ಸ್‌ಫಾರ್ಮರ್, ಬೈಕುಗಳ ಕಾಟವಿಲ್ಲದ ಫುಟ್‌ಪಾತ್ ಮಾಡಿಕೊಡುವುದು ಪಾಲಿಕೆಯ ಕೆಲಸ. ಅದನ್ನು ಬಿಲ್ಡರ್‌ನ ತಲೆಗೆ ಕಟ್ಟುವಂತಿಲ್ಲ.